ಆಡಿದ್ದನ್ನ ಮರೆಯದ ಯಂತ್ರ: ಚೆಕರ್ಸ್ ಆಟದಿಂದ ಕಂಪ್ಯೂಟರ್‌ಗೆ ಕಲಿಕೆ ಕಲಿಸಿದ ಆರ್ಥರ್ ಸ್ಯಾಮ್ಯುಯೆಲ್

ಮೊಬೈಲ್‌ನಲ್ಲಿ ಚೆಸ್ ಆಡಿ ಸೋತವರು ನಮ್ಮಲ್ಲಿ ಕಡಿಮೆ ಏನಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತು, ಬಸ್ಸಿಗೆ ಕಾಯುವ ಹೊತ್ತು, ಕೈಯಲ್ಲಿ ಫೋನು, ಅದರಲ್ಲಿ ಒಂದು ಆಟ. ಎಷ್ಟೇ ಯೋಚನೆ ಮಾಡಿ ಕಾಯಿ ನಡೆಸಿದರೂ ಅದು ಒಂದು ಕ್ಷಣದಲ್ಲಿ ಉತ್ತರ ಕೊಡುತ್ತೆ. ಇದಕ್ಕೆ ಇಷ್ಟು ಬುದ್ಧಿ ಎಲ್ಲಿಂದ ಬಂತು, ಯಾರು ಕಲಿಸಿದ್ರು ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ಹೇಳಿಕೊಟ್ಟಷ್ಟನ್ನೇ ಮಾಡುವ ಯಂತ್ರಕ್ಕೆ ತಾನು ಹಿಂದೆ ಮಾಡಿದ ಲೆಕ್ಕವನ್ನ ನೆನಪಿಟ್ಟುಕೊಂಡು ಮುಂದಿನ ಸಲ ಇನ್ನೂ ಚೆನ್ನಾಗಿ ಆಡೋದನ್ನ ಕಲಿಸಿದ ಮೊದಲಿಗರಲ್ಲಿ ಮುಖ್ಯ ಹೆಸರು ಅಮೆರಿಕದ ಆರ್ಥರ್ ಲೀ ಸ್ಯಾಮ್ಯುಯೆಲ್. ಇವತ್ತು ಪೇಪರ್, ಟಿವಿ ಎಲ್ಲ ಕಡೆ ಕೇಳಿಬರುವ ಮಷೀನ್ ಲರ್ನಿಂಗ್ ಅನ್ನೋ ಮಾತನ್ನ 1959ರಲ್ಲಿ ತಮ್ಮ ಪ್ರಬಂಧದ ತಲೆಬರಹದಲ್ಲೇ ಬಳಸಿ ಚಾಲ್ತಿಗೆ ತಂದವರು ಇವರೇ. ಅವರು ತೀರಿಕೊಂಡು ಮೂರು ದಶಕದ ಮೇಲಾಯ್ತು. ಆದರೆ ಅವರು ಹಾಕಿದ ದಾರಿಯಲ್ಲೇ ಈಗಲೂ ಯಂತ್ರಗಳು ನಡೀತಾ ಇವೆ.

ಸಣ್ಣ ಊರಿನ ಹುಡುಗ

ಸ್ಯಾಮ್ಯುಯೆಲ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಅನ್ನೋ ಊರಿನಲ್ಲಿ. ದೊಡ್ಡ ನಗರವೇನಲ್ಲ. ಊರಿನಲ್ಲೇ ಇದ್ದ ಕಾಲೇಜ್ ಆಫ್ ಎಂಪೋರಿಯಾದಲ್ಲಿ ಓದಿ 1923ರಲ್ಲಿ ಪದವಿ ಪಡೆದರು. ಅಲ್ಲಿಂದ ಹೆಸರಾಂತ ಎಂಐಟಿ ಸಂಸ್ಥೆಗೆ ಹೋಗಿ 1926ರಲ್ಲಿ ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ. ಅಲ್ಲೇ ಸ್ವಲ್ಪ ಕಾಲ ಪಾಠ ಹೇಳಿ, 1928ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು.

ಆಗ ಟ್ರಾನ್ಸಿಸ್ಟರ್ ಇರಲಿಲ್ಲ. ರೇಡಿಯೋ, ಟೆಲಿಫೋನ್ ಎಲ್ಲಕ್ಕೂ ಗಾಜಿನ ವಾಲ್ವ್‌ಗಳೇ ಗತಿ. ಹಳೇ ರೇಡಿಯೋ ರಿಪೇರಿ ಮಾಡಿದವರಿಗೆ ಈ ವಾಲ್ವ್‌ಗಳು ಗೊತ್ತು. ಸ್ಯಾಮ್ಯುಯೆಲ್ ಅವರ ಕೆಲಸ ಇವುಗಳ ಮೇಲೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್‌ಗೆ ಬೇಕಾದ ಒಂದು ಮುಖ್ಯ ವಾಲ್ವ್ ಮೇಲೆ ಕೆಲಸ ಮಾಡಿ ಹೆಸರು ಪಡೆದರು. ರೇಡಾರ್ ಒಂದೇ ಆಂಟೆನಾದಿಂದ ಜೋರಾದ ಅಲೆ ಕಳಿಸಬೇಕು, ಹಾಗೇ ವಾಪಸ್ ಬರುವ ತೀರಾ ಸಣ್ಣ ಅಲೆಯನ್ನ ಹಿಡಿಯಬೇಕು. ಕಳಿಸುವಾಗಿನ ಹೊಡೆತಕ್ಕೆ ಹಿಡಿಯುವ ಭಾಗ ಸುಟ್ಟುಹೋಗದ ಹಾಗೆ ಕಾಯುವುದು ಆ ವಾಲ್ವ್‌ನ ಕೆಲಸ.

ಹೀಗೆ ನಲವತ್ತು ದಾಟುವವರೆಗೂ ಅವರ ಬದುಕಿನಲ್ಲಿ ಕಂಪ್ಯೂಟರೂ ಇಲ್ಲ, ಚೆಕರ್ಸೂ ಇಲ್ಲ.

ದುಡ್ಡಿಗಾಗಿ ಹುಟ್ಟಿದ ಆಟ

ಯುದ್ಧ ಮುಗಿದ ಮೇಲೆ 1946ರಲ್ಲಿ ಸ್ಯಾಮ್ಯುಯೆಲ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋದರು. ಅಲ್ಲಿ ಒಂದು ಕಂಪ್ಯೂಟರ್ ಕಟ್ಟಬೇಕು ಅಂತ ಆಸೆ. ಆದರೆ ಮಂಜೂರಾದ ಹಣ ಸಾಲದು. ಇನ್ನಷ್ಟು ಹಣ ಕೊಡಿಸೋಕೆ ಜನರ ಗಮನ ಸೆಳೆಯುವ ಏನಾದರೂ ಒಂದು ಬೇಕು.

ಆಗ ಹೊಳೆದದ್ದು ಚೆಕರ್ಸ್. ಹತ್ತಿರದ ಕಂಕಾಕೀ ಅನ್ನೋ ಊರಿನಲ್ಲಿ ಚೆಕರ್ಸ್ ಪಂದ್ಯಾವಳಿ ನಡೆಯೋದಿತ್ತು. ಅಷ್ಟರೊಳಗೆ ಒಂದು ಚಿಕ್ಕ ಕಂಪ್ಯೂಟರ್ ಕಟ್ಟಿ, ಅದಕ್ಕೆ ಚೆಕರ್ಸ್ ಕಲಿಸಿ, ಪಂದ್ಯಾವಳಿ ಮುಗಿದ ಮೇಲೆ ವಿಶ್ವ ಚಾಂಪಿಯನ್‌ಗೇ ಸವಾಲು ಹಾಕಿದರೆ ಹೆಸರೂ ಬರುತ್ತೆ, ಹಿಂದೆಯೇ ಹಣವೂ ಬರುತ್ತೆ ಅನ್ನೋ ಲೆಕ್ಕ. ಚೆಸ್ ಮೇಲೆ ಆಗಲೇ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಯೋಚನೆ ನಡೆಸಿದ್ದರು. ಚೆಕರ್ಸ್ ಅದಕ್ಕಿಂತ ಸುಲಭ, ಬೇಗ ಮುಗಿಯುತ್ತೆ ಅಂತ ಸ್ಯಾಮ್ಯುಯೆಲ್ ಅಂದುಕೊಂಡರು.

ಪಂದ್ಯಾವಳಿಯ ದಿನ ಬಂತು, ಹೋಯ್ತು. ಕಂಪ್ಯೂಟರೂ ಆಗಲಿಲ್ಲ, ಪ್ರೋಗ್ರಾಂ ಕೂಡ ಆಗಲಿಲ್ಲ. ಬೇಗ ಮುಗಿಯುತ್ತೆ ಅಂದುಕೊಂಡ ಆ ಕೆಲಸ ಅವರನ್ನ ಮುಂದೆ ಇಪ್ಪತ್ತು ವರ್ಷ ಹಿಡಿದಿಟ್ಟುಕೊಂಡಿತು.

ಚೆಕರ್ಸ್ ನಮ್ಮಲ್ಲಿ ಅಷ್ಟು ಚಾಲ್ತಿಯಲ್ಲಿಲ್ಲ. ಚೆಸ್ ಹಾಸಿನ ಮೇಲೇ ಆಡೋದು, ಆದರೆ 64 ಮನೆಗಳಲ್ಲಿ 32 ಮನೆಗಳಿಗೆ ಮಾತ್ರ ಕೆಲಸ. ಇಬ್ಬರಿಗೂ 12 ಕಾಯಿ. ಕಾಯಿ ಓರೆಯಾಗಿ ಮುಂದಕ್ಕೆ ಹೋಗುತ್ತೆ. ಎದುರಾಳಿಯ ಕಾಯಿಯ ಆಚೆ ಖಾಲಿ ಮನೆ ಇದ್ದರೆ ಹಾರಿ ಹೊಡೆಯಬೇಕು, ನಮ್ಮ ಆಡು-ಹುಲಿ ಆಟದಲ್ಲಿ ಹುಲಿ ಹಾರಿ ಆಡು ಹೊಡೆಯುತ್ತಲ್ಲ, ಹಾಗೆ. ಕೊನೇ ಸಾಲು ಮುಟ್ಟಿದ ಕಾಯಿ ರಾಜ ಆಗುತ್ತೆ, ಅದು ಹಿಂದಕ್ಕೂ ಬರಬಹುದು. ನಿಯಮ ಇಷ್ಟೇ. ಆದರೆ ಹಾಸಿನ ಮೇಲೆ ಕಾಯಿ ಕೂರಬಹುದಾದ ರೀತಿಗಳು ಎಷ್ಟು ಗೊತ್ತಾ? 5ರ ಮುಂದೆ 20 ಸೊನ್ನೆ ಬರೆದರೆ ಬರುವಷ್ಟು.

9 ಕಿಲೋಬೈಟ್‌ನಲ್ಲಿ ಸಂಸಾರ

1949ರಲ್ಲಿ ಸ್ಯಾಮ್ಯುಯೆಲ್ ಐಬಿಎಂ ಕಂಪನಿಗೆ ಬಂದರು. ಕೆಲಸ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ. ಐಬಿಎಂ ಆಗ ತನ್ನ ಮೊದಲ ದೊಡ್ಡ ವೈಜ್ಞಾನಿಕ ಕಂಪ್ಯೂಟರ್ 701 ಕಟ್ಟುವ ಹಂತದಲ್ಲಿತ್ತು. ಅದರ ಮೆಮೊರಿ ಟಿವಿಯ ಪಿಕ್ಚರ್ ಟ್ಯೂಬ್ ತರಹದ ಟ್ಯೂಬುಗಳಲ್ಲಿ. ಆ ಟ್ಯೂಬುಗಳನ್ನ ಸುಧಾರಿಸುವುದರಲ್ಲಿ ಸ್ಯಾಮ್ಯುಯೆಲ್ ಅವರ ಕೈಯೂ ಇತ್ತು. ಮೂಲ 701ರ ಮೆಮೊರಿ ಇವತ್ತಿನ ಲೆಕ್ಕದಲ್ಲಿ ಸುಮಾರು 9 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಕೂಡ ಅದರಲ್ಲಿ ಹಿಡಿಸಲ್ಲ.

ಅಷ್ಟರಲ್ಲೇ ಅವರು ಚೆಕರ್ಸ್ ಬರೆದರು. ಆ ಯಂತ್ರದ ಒಂದು ಪದದಲ್ಲಿ 36 ಬಿಟ್. ಹಾಸಿನಲ್ಲಿ ಕೆಲಸಕ್ಕೆ ಬರುವ ಮನೆ 32. ಮನೆಗೊಂದು ಬಿಟ್ ಅಂತ ಹಂಚಿದರೆ, ಒಬ್ಬ ಆಟಗಾರನ ಕಾಯಿ ಎಲ್ಲೆಲ್ಲಿವೆ ಅನ್ನೋದು ಒಂದೇ ಪದದಲ್ಲಿ ಕೂತುಬಿಡುತ್ತೆ. ಹೊಸ ಕಂಪ್ಯೂಟರ್‌ಗಳು ಸರಿಯಾಗಿ ಕೆಲಸ ಮಾಡ್ತಾ ಇವೆಯಾ ಅಂತ ಪರೀಕ್ಷೆ ಮಾಡೋಕೂ ಈ ಪ್ರೋಗ್ರಾಂ ಉಪಯೋಗಕ್ಕೆ ಬಂತು. ಯಂತ್ರಗಳು ಬಿಡುವಾಗಿರುವ ರಾತ್ರಿ ಹೊತ್ತು ಅವರ ಚೆಕರ್ಸ್ ಪ್ರಯೋಗ ಓಡುತ್ತಿತ್ತು.

ಪ್ರೋಗ್ರಾಂ ಆಡುವ ರೀತಿ ನಾವು ಆಡುವ ಹಾಗೇ. ನಾನು ಹೀಗೆ ನಡೆಸಿದರೆ ಅವನು ಹಾಗೆ ನಡೆಸುತ್ತಾನೆ, ಆಗ ನಾನು ಹೀಗೆ ಅಂತ ಮೂರು ನಡೆ ಮುಂದೆ ನೋಡುತ್ತೆ. ಕೊನೆಯಲ್ಲಿ ಬರುವ ಪ್ರತಿ ಸ್ಥಿತಿಗೂ ಅಂಕ ಹಾಕುತ್ತೆ. ಯಾರ ಕಾಯಿ ಜಾಸ್ತಿ, ಯಾರ ಕಾಯಿಗೆ ಓಡಾಡೋಕೆ ಜಾಗ ಇದೆ, ಹಾಸಿನ ನಡುಭಾಗ ಯಾರ ಹಿಡಿತದಲ್ಲಿದೆ, ಇಂಥವೆಲ್ಲ ಸೇರಿ ಅಂಕ. ನನ್ನ ಸರದಿಯಲ್ಲಿ ನನಗೆ ಒಳ್ಳೆಯದು, ಅವನ ಸರದಿಯಲ್ಲಿ ಅವನಿಗೆ ಒಳ್ಳೆಯದು ಅಂತ ಆರಿಸುತ್ತಾ ಆ ಅಂಕವನ್ನ ಹಿಂದಕ್ಕೆ ತಂದು, ಈಗ ಯಾವ ನಡೆ ಮಾಡಬೇಕು ಅಂತ ತೀರ್ಮಾನ.

ಇಲ್ಲಿಯವರೆಗೆ ಸರಿ. ಆದರೆ ಒಂದು ಕೊರತೆ. ಆಟ ಮುಗಿದ ತಕ್ಷಣ ಇಷ್ಟೆಲ್ಲ ಲೆಕ್ಕ ಗಾಳಿಗೆ. ನಾಳೆ ಅದೇ ಸ್ಥಿತಿ ಬಂದರೆ ಮತ್ತೆ ಮೊದಲಿಂದ ಶುರು. ನೂರು ಆಟ ಆಡಿದರೂ ನೂರೊಂದನೇ ಆಟಕ್ಕೆ ಅದು ಹೊಸಬನೇ.

ಹಿಂದಿನ ಬಾಕಿ ಮುಂದಿನ ಪುಟಕ್ಕೆ

1955ರ ಹೊತ್ತಿಗೆ ಸ್ಯಾಮ್ಯುಯೆಲ್ ಇದಕ್ಕೆ ಉಪಾಯ ಹೂಡಿದ್ದರು. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ಉದ್ರಿ ಪುಸ್ತಕದಲ್ಲಿ ಪುಟ ತುಂಬಿದ ಮೇಲೆ ಏನು ಮಾಡ್ತೀವಿ? ಕೂಡಿಸಿ, ಬಾಕಿಯನ್ನ ಮುಂದಿನ ಪುಟದ ತಲೆಗೆ ಬರೀತೀವಿ. ಆಮೇಲೆ ಆ ಗಿರಾಕಿಯ ಲೆಕ್ಕ ಬಂದಾಗ ಮೊದಲ ಪುಟದಿಂದ ಕೂಡಿಸುತ್ತಾ ಕೂರಲ್ಲ. ಬಾಕಿಯಿಂದ ಮುಂದಕ್ಕೆ ಹೋಗ್ತೀವಿ.

ಯಂತ್ರವೂ ಹಾಗೇ ಮಾಡಿತು. ತಾನು ಆಡುವಾಗ ಎದುರಾದ ಸ್ಥಿತಿಯನ್ನ, ಮೂರು ನಡೆ ಮುಂದೆ ನೋಡಿ ಪಡೆದ ಅಂಕದ ಜತೆಗೆ, ಮ್ಯಾಗ್ನೆಟಿಕ್ ಟೇಪ್‌ನಲ್ಲಿ ಉಳಿಸಿಕೊಂಡಿತು. ಮುಂದೊಂದು ಆಟದಲ್ಲಿ ಮತ್ತೆ ಮೂರು ನಡೆ ಮುಂದೆ ನೋಡುವಾಗ, ಆ ಕೊನೆಯಲ್ಲಿ ಇದೇ ಹಳೇ ಸ್ಥಿತಿ ಸಿಕ್ಕಿತು ಅನ್ನಿ. ಹೊಸದಾಗಿ ಅಂಕ ಹಾಕಬೇಕಿಲ್ಲ, ಟೇಪ್‌ನಲ್ಲಿರುವ ಅಂಕವೇ ಸಾಕು. ಆ ಅಂಕದ ಹಿಂದೆ ಆಗಲೇ ಮೂರು ನಡೆಯ ಯೋಚನೆ ಇದೆ. ಅಂದ್ರೆ ಮೂರು ನಡೆ ನೋಡುವ ಖರ್ಚಿನಲ್ಲಿ ಆರು ನಡೆಯಷ್ಟು ದೂರದ ನೋಟ. ಈ ಹೊಸ ಅಂಕವೂ ಟೇಪ್‌ಗೆ ಹೋದರೆ ಮುಂದಿನ ಸಲ ಇನ್ನೂ ದೂರ. ಆಟ ಆಡಿದಷ್ಟೂ ಕಣ್ಣಿನ ದೂರ ಬೆಳೆಯುತ್ತಾ ಹೋಯ್ತು, ಯಂತ್ರದ ವೇಗ ಮಾತ್ರ ಅಷ್ಟೇ ಇತ್ತು.

ಹೇಳೋಕೆ ಸುಲಭ, ಮಾಡೋಕೆ ಹೊರಟಾಗ ಮೂರು ತೊಂದರೆ ಎದುರಾದವು.

ಮೊದಲನೇದು ಹುಡುಕಾಟ. ಟೇಪ್‌ನ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಹುಡುಕುತ್ತಾ ಕೂತರೆ ಹೊಸದಾಗಿ ಲೆಕ್ಕ ಮಾಡೋದೇ ವಾಸಿ. ಅದಕ್ಕೆ ಸ್ಯಾಮ್ಯುಯೆಲ್ ಸ್ಥಿತಿಗಳನ್ನ ವಿಂಗಡಿಸಿ ಇಟ್ಟರು. ಎಷ್ಟು ಕಾಯಿ ಉಳಿದಿವೆ, ರಾಜ ಇದೆಯೋ ಇಲ್ಲವೋ ಅಂತ ಗುಂಪು ಮಾಡಿದರು. ಕಪ್ಪಿನ ಸರದಿ ಆದರೂ ಬಿಳಿಯ ಸರದಿ ಆದರೂ ಹಾಸು ತಿರುಗಿಸಿದರೆ ಒಂದೇ ಆಗುವಂಥವನ್ನ ಒಂದೇ ಸಲ ಬರೆದರು. ಕಿರಾಣಿ ಅಂಗಡಿಯಲ್ಲಿ ಬೇಳೆ ಒಂದು ಕಡೆ, ಸೋಪು ಒಂದು ಕಡೆ ಇಟ್ಟ ಹಾಗೆ.

ಎರಡನೇದು ಸ್ವಲ್ಪ ತಮಾಷೆ. ಗೆಲ್ಲುವ ಸ್ಥಿತಿಗೆ ಬಂದ ಯಂತ್ರ ಗೆಲ್ಲದೇ ಅಲ್ಲಲ್ಲೇ ಸುತ್ತುತ್ತಿತ್ತು. ಯಾಕಂದ್ರೆ ಈಗ ಗೆದ್ದರೂ ಗೆಲುವೇ, ಹತ್ತು ನಡೆ ಬಿಟ್ಟು ಗೆದ್ದರೂ ಗೆಲುವೇ, ಎರಡಕ್ಕೂ ಅಂಕ ಒಂದೇ. ಸ್ಯಾಮ್ಯುಯೆಲ್ ಒಂದು ಸಣ್ಣ ಕಡಿತ ಹಾಕಿದರು. ಅಂಕ ಒಂದೊಂದು ನಡೆ ಹಿಂದಕ್ಕೆ ಬಂದಾಗಲೂ ಅದರ ಬೆಲೆ ಚೂರು ಕಡಿಮೆ. ಆಗ ಹತ್ತಿರದ ಗೆಲುವು ದೂರದ ಗೆಲುವಿಗಿಂತ ದುಬಾರಿ ಆಯ್ತು, ಯಂತ್ರ ನೇರ ದಾರಿ ಹಿಡಿಯಿತು. ಸೋಲುವಾಗ ಇದರ ಉಲ್ಟಾ. ಸೋಲನ್ನ ಎಷ್ಟು ಮುಂದಕ್ಕೆ ತಳ್ಳೋಕೆ ಆಗುತ್ತೋ ಅಷ್ಟು ತಳ್ಳುತ್ತಿತ್ತು.

ಮೂರನೇದು ಜಾಗ. ಎಲ್ಲವನ್ನೂ ಇಟ್ಟುಕೊಳ್ಳೋಕೆ ಟೇಪ್ ಸಾಲದು. ಏನನ್ನ ಬಿಡಬೇಕು? ಪ್ರತಿ ಸ್ಥಿತಿಗೂ ಒಂದು ವಯಸ್ಸು ಕೊಟ್ಟರು. ಕೆಲಸಕ್ಕೆ ಬರದೇ ಬಿದ್ದಿದ್ದರೆ ವಯಸ್ಸು ಏರುತ್ತೆ. ಒಂದು ಸಲ ಉಪಯೋಗಕ್ಕೆ ಬಂದರೆ ವಯಸ್ಸು ಅರ್ಧಕ್ಕೆ ಇಳಿಯುತ್ತೆ. ಮಿತಿ ಮೀರಿ ಮುದಿಯಾದದ್ದನ್ನ ಅಳಿಸಿಬಿಡೋದು. ಓಡುವ ಮಾಲು ಕಪಾಟಿನಲ್ಲಿ, ಓಡದ ಮಾಲು ಹೊರಗೆ. ನೆನಪಿಡೋದನ್ನ ಕಲಿಸಿದ ಮನುಷ್ಯ ಮರೆಯೋದನ್ನೂ ಕಲಿಸಬೇಕಾಯ್ತು.

ಮನುಷ್ಯರ ಜತೆ ಆಡಿಸಿ, ತನ್ನ ಜತೆ ತಾನೇ ಆಡುವಂತೆ ಮಾಡಿ, ಪುಸ್ತಕದಲ್ಲಿ ಅಚ್ಚಾದ ಒಳ್ಳೊಳ್ಳೆ ಆಟಗಳನ್ನ ತಿನ್ನಿಸಿ, 1959ರ ಹೊತ್ತಿಗೆ ಸುಮಾರು 53,000 ಸ್ಥಿತಿಗಳು ಟೇಪ್‌ನಲ್ಲಿ ಕೂಡಿದ್ದವು.

ತನ್ನ ವಿರುದ್ಧ ತಾನೇ

ಫಲ ಏನಾಯ್ತು? ಆಟದ ಶುರು ಚೆನ್ನಾಗಿ ಆಡತೊಡಗಿತು, ಯಾಕಂದ್ರೆ ಆರಂಭದ ಸ್ಥಿತಿಗಳು ಪದೇ ಪದೇ ಬರುತ್ತವೆ. ಕೊನೆಯ ಭಾಗದಲ್ಲಿ ಸೋಲುವ ಬಲೆಗಳನ್ನ ತಪ್ಪಿಸಿಕೊಳ್ಳೋದೂ ಬಂತು. ಆದರೆ ನಡು ಆಟದಲ್ಲಿ ಅಷ್ಟೇನೂ ಬದಲಾವಣೆ ಕಾಣಲಿಲ್ಲ. ಅಲ್ಲಿ ಸ್ಥಿತಿಗಳು ಕೋಟಿ ಕೋಟಿ, ನೋಡಿದ್ದೇ ಮತ್ತೆ ಬರೋದು ಅಪರೂಪ. ಬರೀ ಬಾಯಿಪಾಠದಿಂದ ಒಳ್ಳೆ ಹೊಸಬ ಆಗಬಹುದು, ಪಂಡಿತ ಆಗೋಕೆ ಆಗಲ್ಲ ಅನ್ನೋದು ಅವರಿಗೆ ಖಚಿತವಾಯ್ತು.

ಅದಕ್ಕೆ ಇನ್ನೊಂದು ದಾರಿ ಹಿಡಿದರು. ಸ್ಥಿತಿಯನ್ನ ನೆನಪಿಡೋದರ ಬದಲು ಅಂಕ ಹಾಕುವ ರೀತಿಯನ್ನೇ ತಿದ್ದೋದು. ಯಂತ್ರದೊಳಗೆ ಇಬ್ಬರು ಆಟಗಾರರು, ಆಲ್ಫಾ ಮತ್ತು ಬೀಟಾ. ಆಲ್ಫಾ ಪ್ರತಿ ನಡೆಯ ನಂತರ ತನ್ನ ಅಂದಾಜನ್ನ, ಇನ್ನಷ್ಟು ಮುಂದೆ ನೋಡಿದಾಗ ಸಿಕ್ಕ ಅಂಕದ ಜತೆ ಹೋಲಿಸಿ, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅಂತ ತಿದ್ದಿಕೊಳ್ಳುತ್ತೆ. ಬೀಟಾ ಬದಲಾಗಲ್ಲ. ಆಲ್ಫಾ ಗೆದ್ದರೆ ಅದರ ರೀತಿಯನ್ನ ಬೀಟಾಗೂ ಕೊಡೋದು, ಮತ್ತೆ ಆಟ. ನೋಡಬೇಕಾದ ಅಂಶಗಳ ಪಟ್ಟಿಯಲ್ಲಿ 38 ಇದ್ದವು, ಒಂದು ಸಲಕ್ಕೆ 16 ಬಳಕೆಯಲ್ಲಿ. ಕೆಲಸ ಮಾಡದ ಅಂಶವನ್ನ ಯಂತ್ರವೇ ಹೊರಗೆ ಹಾಕಿ ಪಟ್ಟಿಯಿಂದ ಇನ್ನೊಂದನ್ನ ತರುತ್ತಿತ್ತು. ಈ ರೀತಿಯಲ್ಲಿ ಕಲಿತಾಗ ನಡು ಆಟ ಚೆನ್ನಾಯ್ತು, ಶುರು ಮಾತ್ರ ಕೆಟ್ಟದಾಗಿತ್ತು. ಬಾಯಿಪಾಠದ ಬಲ ಎಲ್ಲಿತ್ತೋ ಇದರ ದೌರ್ಬಲ್ಯ ಅಲ್ಲೇ.

ಎಂಟು ಹತ್ತು ಗಂಟೆ ಯಂತ್ರ ಆಡಿಸಿದರೆ, ಪ್ರೋಗ್ರಾಂ ಬರೆದವನಿಗಿಂತ ಅದು ಚೆನ್ನಾಗಿ ಆಡಬಲ್ಲದು ಅಂತ ಅವರು 1959ರ ಪ್ರಬಂಧದಲ್ಲಿ ದಾಖಲಿಸಿದರು. ಸ್ಯಾಮ್ಯುಯೆಲ್ ಸ್ವತಃ ದೊಡ್ಡ ಚೆಕರ್ಸ್ ಆಟಗಾರ ಏನಲ್ಲ. ಆದರೂ ಮಾಡಿದವನನ್ನೇ ಮೀರಿಸುವ ಯಂತ್ರ ಅನ್ನೋದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಇದಕ್ಕೂ ಮುಂಚೆ, 1956ರ ಫೆಬ್ರವರಿ 24ರಂದು ಈ ಪ್ರೋಗ್ರಾಂ ಟಿವಿಯಲ್ಲಿ ಜನರ ಮುಂದೆ ಆಡಿತ್ತು. ಇದರಿಂದ ಐಬಿಎಂ ಷೇರು 15 ಪಾಯಿಂಟ್ ಏರುತ್ತೆ ಅಂತ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಮೊದಲೇ ಅಂದಾಜು ಮಾಡಿದ್ದರಂತೆ, ಏರಿಯೂ ಏರಿತಂತೆ.

ಗೆಲುವು ತಂದ ತೊಂದರೆ

1962ರಲ್ಲಿ ರಾಬರ್ಟ್ ನೀಲಿ ಅನ್ನೋ ಕಣ್ಣಿಲ್ಲದ ಆಟಗಾರರ ಜತೆ ಪ್ರೋಗ್ರಾಂ ಒಂದು ಆಟ ಆಡಿ ಗೆದ್ದಿತು. ಸುದ್ದಿ ಜೋರಾಗಿ ಹರಡಿತು. ನೀಲಿ ಒಳ್ಳೆ ಆಟಗಾರರೇ, ಆದರೆ ವಿಶ್ವ ಚಾಂಪಿಯನ್ ಅಲ್ಲ. ಆಡಿದ್ದೂ ಒಂದೇ ಆಟ. ಜನರ ಕಿವಿಗೆ ಬಿದ್ದದ್ದು ಮಾತ್ರ ಬೇರೆ. ಚೆಕರ್ಸ್ ಕಥೆ ಮುಗೀತು, ಯಂತ್ರ ಅದನ್ನ ಅರೆದು ಕುಡಿದಿದೆ ಅಂತ ಎಷ್ಟೋ ಜನ ನಂಬಿಬಿಟ್ಟರು.

ಸತ್ಯ ಹಾಗಿರಲಿಲ್ಲ. 1960ರ ದಶಕದ ನಡುವಿನಲ್ಲಿ ವಿಶ್ವ ಮಟ್ಟದ ಆಟಗಾರರಾದ ವಾಲ್ಟರ್ ಹೆಲ್ಮನ್ ಮತ್ತು ಡೆರೆಕ್ ಓಲ್ಡ್‌ಬರಿ ಇಬ್ಬರೂ ಪ್ರೋಗ್ರಾಂ ಅನ್ನ ಸೋಲಿಸಿದರು. ಗೆದ್ದ ಸುದ್ದಿ ಊರೆಲ್ಲ ಓಡಾಡಿತು, ಸೋತ ಸುದ್ದಿಯನ್ನ ಕೇಳುವವರು ಇರಲಿಲ್ಲ. ಮುಗಿದ ಕೆಲಸಕ್ಕೆ ಯಾರು ಕೈ ಹಾಕ್ತಾರೆ? ಚೆಕರ್ಸ್ ಕಡೆ ಹೊಸಬರು ಬರೋದು ಕಡಿಮೆಯಾಯ್ತು, ಎಲ್ಲರ ಗಮನ ಚೆಸ್ ಮೇಲೆ. ನಿಜವಾಗಿ ಆ ಆಟ ಬಿಡಿಸಿದ್ದು 2007ರಲ್ಲಿ. ಕೆನಡಾದ ಜೊನಾಥನ್ ಷೆಫರ್ ಅವರ ತಂಡ 1989ರಲ್ಲಿ ಶುರು ಮಾಡಿದ ಕೆಲಸ ಅದು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಡ್ರಾ ಆಗುತ್ತೆ ಅಂತ ಅವರು ತೋರಿಸಿದರು. ಅವರ ಕೈಯಲ್ಲಿದ್ದ ಮುಖ್ಯ ಆಯುಧ, ಹತ್ತು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದ ಸುಮಾರು 39 ಲಕ್ಷ ಕೋಟಿ ಸ್ಥಿತಿಗಳ ಉತ್ತರ ಬರೆದಿಟ್ಟ ಭಂಡಾರ. 53,000ದಿಂದ ಅಲ್ಲಿಗೆ ಬಂದು ಮುಟ್ಟೋಕೆ ಸುಮಾರು ಐವತ್ತು ವರ್ಷ ಬೇಕಾಯ್ತು.

ಯಂತ್ರದ ಬಗ್ಗೆ ಜನ ಅತಿಯಾಗಿ ಹೆದರೋದನ್ನೂ ಸ್ಯಾಮ್ಯುಯೆಲ್ ಒಪ್ಪಲಿಲ್ಲ. 1960ರಲ್ಲಿ ಹೆಸರಾಂತ ಗಣಿತಜ್ಞ ನಾರ್ಬರ್ಟ್ ವೀನರ್, ಕಲಿಯುವ ಯಂತ್ರಗಳು ಮನುಷ್ಯನ ಹಿಡಿತ ಮೀರಬಹುದು ಅಂತ ಎಚ್ಚರಿಸಿದಾಗ, ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ವಿರೋಧ ಬರೆದರು. ಯಂತ್ರಕ್ಕೆ ಸ್ವಂತ ಇಚ್ಛೆ ಅನ್ನೋದಿಲ್ಲ, ಹೊರಗೆ ಬರೋದೆಲ್ಲ ಮನುಷ್ಯ ಒಳಗೆ ಇಟ್ಟದ್ದರ ಫಲವೇ ಅನ್ನೋದು ಅವರ ವಾದ. ತನ್ನನ್ನೇ ಸೋಲಿಸುವ ಯಂತ್ರ ಮಾಡಿದವರು ಈ ಮಾತು ಹೇಳಿದರು ಅನ್ನೋದು ಗಮನಿಸಬೇಕಾದ ಸಂಗತಿ. ಇಬ್ಬರಲ್ಲಿ ಯಾರು ಸರಿ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ.

88ನೇ ವಯಸ್ಸಿನ ಪ್ರೋಗ್ರಾಮರ್

1966ರಲ್ಲಿ ಐಬಿಎಂನಿಂದ ನಿವೃತ್ತಿ. ಮನೆಯಲ್ಲಿ ಕೂರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಮತ್ತೆ ಕೆಲಸ ಶುರು. 1967ರಲ್ಲಿ ಚೆಕರ್ಸ್ ಮೇಲೆ ಎರಡನೇ ದೊಡ್ಡ ಪ್ರಬಂಧ ಬಂತು. ಮಾತನ್ನ ಗುರುತಿಸುವ ಕಂಪ್ಯೂಟರ್ ಕೆಲಸದಲ್ಲೂ ತೊಡಗಿದರು. ಡೊನಾಲ್ಡ್ ನೂತ್ ಅವರು ಪುಸ್ತಕ ಅಚ್ಚಿಗಾಗಿ ಮಾಡಿದ ಟೆಕ್ ಅನ್ನೋ ಪ್ರೋಗ್ರಾಂ ಕಲಿಯೋಕೆ ಹೊಸಬರಿಗೆ ಕಷ್ಟ ಆಗ್ತಿತ್ತು. 1983ರಲ್ಲಿ, 81ರ ವಯಸ್ಸಿನಲ್ಲಿ, ಒಂದನೇ ಕ್ಲಾಸಿನ ಪಾಠದ ಹಾಗೆ ಸರಳವಾದ ಕೈಪಿಡಿಯನ್ನ ಬರೆದುಕೊಟ್ಟರು. 1987ರಲ್ಲಿ ಐಇಇಇ ಕಂಪ್ಯೂಟರ್ ಸೊಸೈಟಿ ಅವರಿಗೆ ಕಂಪ್ಯೂಟರ್ ಪಯೋನಿಯರ್ ಪ್ರಶಸ್ತಿ ಕೊಟ್ಟಿತು.

ಪಾರ್ಕಿನ್ಸನ್ ಕಾಯಿಲೆ ಕೈ ಕಟ್ಟಿಹಾಕುವವರೆಗೂ ಪ್ರೋಗ್ರಾಂ ಬರೆಯೋದನ್ನ ಬಿಡಲಿಲ್ಲ. 88 ದಾಟಿದ ಮೇಲೂ ಸ್ಟ್ಯಾನ್‌ಫರ್ಡ್‌ನ ಕಂಪ್ಯೂಟರ್‌ಗೆ ಲಾಗಿನ್ ಆಗುತ್ತಿದ್ದರು. 1990ರ ಜುಲೈ 29ರಂದು ತೀರಿಕೊಂಡರು.

ಅವರ ಎರಡೂ ದಾರಿಗಳು ಈಗಲೂ ಓಡಾಟದಲ್ಲಿವೆ. ಫೋನಿನ ಚೆಸ್ ಪ್ರೋಗ್ರಾಂ ಲೆಕ್ಕ ಮಾಡಿದ ಸ್ಥಿತಿಗಳನ್ನ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತೆ. ಬೇರೆ ನಡೆಗಳ ದಾರಿಯಿಂದ ಅದೇ ಸ್ಥಿತಿ ಬಂದರೆ ಮತ್ತೆ ಲೆಕ್ಕ ಮಾಡಲ್ಲ. ಜಾಗ ತುಂಬಿದರೆ ಹಳೇದನ್ನ ಬಿಡುತ್ತೆ. 2016ರಲ್ಲಿ ಗೋ ಆಟದ ದೊಡ್ಡ ಆಟಗಾರ ಲೀ ಸೆಡಾಲ್ ಅವರನ್ನ 4-1ರಿಂದ ಸೋಲಿಸಿದ ಆಲ್ಫಾಗೋ ಕೂಡ ತನ್ನ ವಿರುದ್ಧ ತಾನೇ ಆಡಿ ಪಳಗಿದ್ದು, ಸ್ಯಾಮ್ಯುಯೆಲ್ ಅವರ ಆಲ್ಫಾ, ಬೀಟಾ ಆಡಿದ ಹಾಗೆಯೇ.

ಮುಂದಿನ ಸಲ ಫೋನಿನ ಆಟದಲ್ಲಿ ಸೋತರೆ ಬೇಜಾರು ಬೇಡ. ಯಂತ್ರದ ಆ ಒಂದು ಕ್ಷಣದ ಉತ್ತರದ ಹಿಂದೆ ಎಪ್ಪತ್ತು ವರ್ಷದ ಬಾಕಿ ಲೆಕ್ಕ ಇದೆ. ಅದರ ಮೊದಲ ಪುಟಗಳನ್ನ ಬರೆದವರಲ್ಲಿ ಒಬ್ಬರು, ಪಂದ್ಯಾವಳಿಗೆ ಮುಂಚೆ ಮುಗಿಸಿಬಿಡ್ತೀನಿ ಅಂತ ಹೊರಟಿದ್ದ ಎಂಪೋರಿಯಾದ ಈ ಎಂಜಿನಿಯರ್.